ಹಸಿ ಸೌದೆಯ ಹೊಗೆ

ಸಾದಲಿ, 12-12-1993, ಭಾನುವಾರ

ಇವತ್ತು ಹುಳುಮನೆಯೊಳಕ್ಕೆ ನನಗೆ ಪ್ರವೇಶವಿಲ್ಲ. ರೇಷ್ಮೆಹುಳಕ್ಕೆ ಘಾಟು ಆಗದು ಎಂದು ಗೊತ್ತಿದ್ದೂ ಕುಡಿದೆ.

ಹಡಗಿನ ಕೆಲಸದಿಂದ ರಜೆಗೆ ಬಂದ ಬಾಮೈದ ಜಯರಾಮಪ್ಪ ಎರಡು ಬಾಟಲಿ ಸಿಂಗಲ್ ಮಾಲ್ಟ್ ವಿಸ್ಕಿ ತಂದಿದ್ದ. ಒಂದು ಮೂರು ವರ್ಷದ್ದು, ಇನ್ನೊಂದು ಎಂಟು ವರ್ಷದ್ದು. ಎರಡಕ್ಕೂ ಜೌಗುಮಣ್ಣು ಸುಟ್ಟ ಹೊಗೆ ಹಿಡಿಸಿದ್ದಾರಂತೆ. ಯಾವುದು ಯಾವುದೆಂದು ಹೇಳದೆ ಎರಡು ಲೋಟಕ್ಕೆ ಹಾಕಿಕೊಟ್ಟ. ಎಷ್ಟು ಚಪ್ಪರಿಸಿದರೂ ನನಗೆ ತಿಳಿಯಲಿಲ್ಲ.

ಹಿಪ್ಪುನೇರಳೆ ಸೊಪ್ಪಿನ ಮಂಕರಿ ಇಳಿಸಿದ ನನ್ನ ಹೆಂಡತಿ ಬಗ್ಗಿ ಎರಡೂ ಲೋಟ ಮೂಸಿ, ಒಂದನ್ನು ತೋರಿಸಿ, “ಇದು ಹಸಿ ಸೌದೆ ಹೊಗೆ ಕಣ್ರೀ, ಇದೇ ಎಳೇದು” ಎಂದಳು.

“ಅಕ್ಕ ಸರಿಯಾಗಿ ಹೇಳಿದ್ಲು ಭಾವ” ಎಂದ ಜಯರಾಮಪ್ಪ.

ಇಪ್ಪತ್ತು ವರ್ಷ ಅವಳು ಒಲೆ ಊದಿದ್ದಾಳೆ. ನಾನು ಉಂಡೆದ್ದಿದ್ದೇನೆ, ಅಷ್ಟೆ.

ಕುಡಿದಿದ್ದಕ್ಕೆ ಅವಳು ಬೈಯಲಿಲ್ಲ. ಒಳಗೆ ನನ್ನ ಸರದಿಯ ಸೊಪ್ಪನ್ನೂ ಈಗ ಅವಳೇ ಹಾಕುತ್ತಿದ್ದಾಳೆ.