ಬಾದಾಮಿ ಮರದ ವಿಧವೆ

ನವೆಂಬರ್ 3, 2004. ಬೆಳಿಗ್ಗೆ 6

ಮತ್ತೆ ಅದೇ ಎಲೆ. ಎರಡು ಬುಟ್ಟಿ ಗುಡಿಸಿದೆ. ಬಾದಾಮಿ ಮರ ಇರುವುದು ನನ್ನ ಅಂಗಳದಲ್ಲಿ, ಯಜಮಾನಿಕೆ ಬೇಲಿಯಾಚೆಯ ಫ್ಲಾವಿಯದು. ಗಂಡನ ಅಕ್ಕ. ನನ್ನ ಗಂಡ ರೊಲಾನ್ ತೀರಿಹೋಗಿ ಆರು ವರ್ಷವಾಯಿತು, ಇವಳ ಬಾಯಿ ಮಾತ್ರ ಇನ್ನೂ ದಣಿದಿಲ್ಲ.

"ನಮ್ಮಪ್ಪ ನೆಟ್ಟ ಮರ ಕಣೇ ಅದು. ಮುಟ್ಟಿ ನೋಡು, ಗೊತ್ತಾಗುತ್ತೆ!"

"ನೆಟ್ಟಿದ್ದು ನಿಮ್ಮಪ್ಪ, ನಲವತ್ತು ವರ್ಷದಿಂದ ಕಸ ಗುಡಿಸ್ತಿರೋದು ನಾನು."

ಮುಟ್ಟದೆ ವಿಧಿಯಿಲ್ಲ. ಮಗಳು ಮಾರ್ವಿನಾ ಗಂಡನನ್ನು ಬಿಟ್ಟು ದೊಡ್ಡ ದ್ವೀಪ ಮಾಹೆಯಿಂದ ವಾಪಸು ಬರುತ್ತಿದ್ದಾಳೆ, ಎರಡು ಮಕ್ಕಳ ಜೊತೆ. ಈ ಒಂದೇ ಕೋಣೆಯಲ್ಲಿ ನಾಲ್ವರು ಮಲಗುವುದೆಲ್ಲಿ? ಮನೆಯ ಹಿಂದೆ ಬಂಡೆ, ಮುಂದೆ ರಸ್ತೆ. ಮರ ಹೋದರೆ ಮಗಳಿಗೊಂದು ಕೋಣೆ. ಕಡಿಯಲು ಪರಿಸರ ಇಲಾಖೆಗೆ ಅರ್ಜಿ ಹಾಕಿದ್ದೇನೆ.

ನವೆಂಬರ್ 7, ಭಾನುವಾರ

ಫ್ಲಾವಿ ಚರ್ಚಿನಿಂದ ಬರುತ್ತ ಊರಿಗೆಲ್ಲ ಕೇಳುವ ಹಾಗೆ ಹೇಳಿದಳು. "ವಿಧವೆ ಹಕ್ಕಿ ಗೂಡು ಕಟ್ಟಲಿ ಅಂತ ಹರಕೆ ಹೊತ್ತಿದೀನಿ. ಗೂಡಿದ್ರೆ ಯಾರ ಅಪ್ಪನೂ ಕಡಿಯಂಗಿಲ್ಲ!"

ಅದೇನೋ ನಿಜ. ನಮ್ಮ ಈ ಲಾ ಡೀಗ್ ದ್ವೀಪ ಬಿಟ್ಟರೆ ಇಡೀ ಪ್ರಪಂಚದಲ್ಲಿ ಆ ಹಕ್ಕಿ ಇಲ್ಲವಂತೆ. ಗಂಡಿಗೆ ಮೈಯೆಲ್ಲ ಕಪ್ಪು, ಉದ್ದನೆಯ ಕಪ್ಪು ಬಾಲ. ಅದಕ್ಕೇ ವಿಧವೆ ಅಂತ ಹೆಸರು. ನಾನು ಕಪ್ಪು ಉಟ್ಟಾಗ ಫ್ಲಾವಿ ನನ್ನನ್ನೂ ಹಾಗೇ ಕರೆದಿದ್ದಳು, ಹೆಣ ಇನ್ನೂ ಮನೆಯಲ್ಲೇ ಇತ್ತು. ಮರೆತಿಲ್ಲ.

ಮಧ್ಯಾಹ್ನ ಎಲೆ ಗುಡಿಸುತ್ತ ತಲೆಯೆತ್ತಿದೆ. ನನ್ನ ಮಾಡಿನ ಮೇಲೆ ಬಾಗಿದ ಕೊಂಬೆಯ ತುದಿಯಲ್ಲಿ ಜೇಡರ ಬಲೆ, ತೆಂಗಿನ ನಾರು ಸೇರಿಸಿ ಕಟ್ಟಿದ ಗೂಡು. ಟೀ ಬಟ್ಟಲಿಗಿಂತ ಚಿಕ್ಕದು.

ಹಾಳಾದ್ದು. ಊರಲ್ಲಿ ಬೇರೆ ಮರ ಸಿಗಲಿಲ್ಲವೇ?

ನವೆಂಬರ್ 8

ದೀವಿಹಲಸು ಕೀಳುವ ದೋಟಿ ಕೈಗೆತ್ತಿಕೊಂಡೆ. ಒಂದು ಸಲ ತಿವಿದರೆ ಮುಗಿಯಿತು. ಅಷ್ಟರಲ್ಲಿ ಹೆಣ್ಣು ಹಕ್ಕಿ ಬಂದು ಗೂಡಿನಲ್ಲಿ ಕೂತು, ಎದೆಯೊತ್ತಿ ಒತ್ತಿ ಒಳಗನ್ನು ದುಂಡಗೆ ಮಾಡಿತು. ನಾನು ಒಬ್ಬಳು ಕೆಳಗೆ ನಿಂತಿದ್ದೇನೆ ಅನ್ನುವ ಪರಿವೆಯೇ ಇಲ್ಲ, ಪೆದ್ದಿಗೆ. ನಾಳೆ ನೋಡೋಣ ಅಂತ ದೋಟಿ ಒರಗಿಸಿದೆ.

ಫ್ಲಾವಿಗೆ ಗೂಡು ಕಾಣಿಸಿಲ್ಲ. ಎರಡೂ ಕಣ್ಣಿಗೆ ಪೊರೆ. ಒಪ್ಪಿಕೊಳ್ಳುವುದಿಲ್ಲ. ಚರ್ಚಿನ ಗೋಡೆ ಸವರಿಕೊಂಡು ನಡೆಯುತ್ತಾಳೆ, ಕೇಳಿದರೆ "ಮಂಡಿ ನೋವು" ಅನ್ನುತ್ತಾಳೆ.

ನವೆಂಬರ್ 16

ಇಲಾಖೆಯಿಂದ ಆನ್ಸೆಲ್ಮ್ ಸೈಕಲ್ ಮೇಲೆ ಬಂದ. ಗೂಡಿನ ಕಡೆ ಬೆನ್ನು ಬರುವ ಹಾಗೆ ಕುರ್ಚಿ ಹಾಕಿದೆ. ಶಾರ್ಕ್ ಚಟ್ನಿ ಬಡಿಸಿದೆ. ಎರಡು ಸಲ ತಿಂದ. ಫ್ಲಾವಿ ಬೇಲಿಗೆ ಆತುಕೊಂಡು, "ಇದೆ ಸ್ವಾಮಿ, ಅಲ್ಲೇ ಎಲ್ಲೋ ಕೂಗ್ತಿದೆ" ಅಂತ ಖಾಲಿ ಕೊಂಬೆಗೆಲ್ಲ ಕೈ ತೋರಿಸಿದಳು. ಅವನು ನಕ್ಕು ಸಹಿ ಹಾಕಿದ.

ಗೂಡಿನಲ್ಲಿ ಮೊಟ್ಟೆಯಿದೆ. ಒಂದೇ. ಮಾಡು ಹತ್ತಿ ನೋಡಿದ್ದೆ. ಯಾಕೆ ಹತ್ತಿದೆನೋ.

ನವೆಂಬರ್ 19

ಮೂರು ಗೊರವಂಕ ಗೂಡಿಗೆ ಮುತ್ತಿಗೆ ಹಾಕಿದವು. ಹೆಣ್ಣು ಕುಕ್ಕಿಸಿಕೊಂಡರೂ ಏಳಲಿಲ್ಲ. ದೋಟಿ ಹಿಡಿದು ಓಡಿದೆ, ಬಾಯಿಗೆ ಬಂದದ್ದು ಬೈದೆ. ಸಿಟ್ಟು ಬಂದರೆ ನನಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ.

"ಯಾರಿಗೇ ಬೈತಿದೀಯ?" ಬೇಲಿಯಿಂದ.

"ಗೊರವಂಕಕ್ಕೆ."

"ಅದು ನಿನಗೇನು ಮಾಡ್ತು?"

"ಬಾದಾಮಿ ತಿಂತಿದೆ."

"ನೀನು ಯಾವತ್ತೇ ಬಾದಾಮಿ ಕಾದಿದ್ದು?"

ಗೂಡಿದೆ ಅಂತ ಅವಳಿಗೆ ಗೊತ್ತಾಯಿತು.

ನವೆಂಬರ್ 25. ಬೆಳಿಗ್ಗೆ 9

ಏಳಕ್ಕೆ ಮರ ಕಡಿಯುವ ಗಾಸ್ಪಾರ್ ಗರಗಸದ ಯಂತ್ರ ತಂದ. ನೋಡಿದರೆ ಮರದ ಬುಡದಲ್ಲಿ ಕುರ್ಚಿ, ಕುರ್ಚಿಯಲ್ಲಿ ಫ್ಲಾವಿ.

"ಗೂಡಿದ್ರೆ ನಾನು ಕಡಿಯಲ್ಲಮ್ಮ. ಜೈಲಿಗೆ ಹೋಗೋನು ನಾನು," ಅಂದ ಗಾಸ್ಪಾರ್.

"ಅವಳನ್ನೇ ಕೇಳಪ್ಪ. ನನಗೆ ಕಣ್ಣು ಕಾಣಲ್ಲ."

ಮೊದಲ ಸಲ ಅಂದದ್ದು, ಅದೂ ಪರರೆದುರು. ನನ್ನ ಕಡೆ ತಿರುಗಿದಳು. "ನಮ್ಮ ರೊಲಾನ್ ಆಣೆ. ಹೇಳು ನೋಯೆಲಿನ್. ಇದೆಯಾ, ಇಲ್ವಾ?"

ಮುದುಕಿ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿದಳು.

"ಇದೆ," ಅಂದೆ.

ಸಂಜೆ

ಆನ್ಸೆಲ್ಮ್ ಬಂದು ಮರಕ್ಕೆ 'ಗೂಡಿದೆ, ಕಡಿಯಬಾರದು' ಅಂತ ಬೋರ್ಡು ಕಟ್ಟಿ ಹೋದ. ನನ್ನ ಮುಖ ನೋಡಲಿಲ್ಲ. ಮಾರ್ವಿನಾಗೆ ಫೋನ್ ಮಾಡಿದೆ. "ಮೊಮ್ಮಕ್ಕಳಿಗಿಂತ ನಿನಗೆ ಹಕ್ಕಿ ಹೆಚ್ಚಾಯ್ತೇನಮ್ಮ?" ಅಂತ ಕೇಳಿ ಇಟ್ಟುಬಿಟ್ಟಳು. ಹಕ್ಕಿಯೂ ಹಾಳಾಗಲಿ, ಫ್ಲಾವಿಯೂ ಹಾಳಾಗಲಿ.

ನವೆಂಬರ್ 26

ಫ್ಲಾವಿ ಚರ್ಚಿನ ಹಾಡುವ ಹೆಂಗಸರನ್ನೆಲ್ಲ ಕರೆತಂದಳು. ಎಂಟು ಜನ, ನನ್ನದೇ ಅಂಗಳದಲ್ಲಿ, ಕೇಕು ಸಮೇತ. "ಮೊದ್ಲು ನೋಡಿದ್ದೇ ನಾನು!" ಅನ್ನುತ್ತಾಳೆ. ಯಾವ ಕಣ್ಣಿನಿಂದ? ಕೊಂಬೆ ಬಗ್ಗಿಸಿ ಇಣುಕಿದರು, ಫೋಟೋ ತೆಗೆದರು. ಎರಡೂ ಹಕ್ಕಿ ಹಾರಿಹೋದವು. "ದೂರ ಸರೀರಿ, ಅದು ಕೂರಬೇಕು" ಅಂತ ಕಿರುಚಿದೆ.

"ಹೊಟ್ಟೆಕಿಚ್ಚು ಪಾಪ," ಅಂದಳು ಫ್ಲಾವಿ. ಎಲ್ಲರೂ ನಕ್ಕರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೋಗಬಾರದಿತ್ತು.

ಐದಕ್ಕೆ ಗುಡಿಸುವಾಗ ಎಲೆಯ ನಡುವೆ ಸಿಕ್ಕಿತು, ಒಡೆದ ಚಿಪ್ಪು. ಒಳಗೆ ಇನ್ನೂ ಹಸಿ. ಗೂಡು ಖಾಲಿ. ಗೊರವಂಕಗಳು ನನ್ನ ಮಾಡಿನ ಮೇಲೇ ಕೂತು ಕೊಕ್ಕು ಒರೆಸಿಕೊಳ್ಳುತ್ತಿದ್ದವು. ಅತ್ತುಬಿಟ್ಟೆ. ನಾಚಿಕೆಯಾಯಿತು.

ನವೆಂಬರ್ 27

ಗಾಸ್ಪಾರ್‌ನನ್ನು ದಾರಿಯಲ್ಲಿ ಹಿಡಿದು ಕೇಳಿದೆ. ಗೂಡು ಖಾಲಿ ಅಂತ ಆನ್ಸೆಲ್ಮ್‌ಗೆ ಒಂದು ಮಾತು ತಿಳಿಸಿದರೆ ಸಾಕಂತೆ, ಬೋರ್ಡು ಬಿಚ್ಚುತ್ತಾನೆ. ಸೋಮವಾರ ಮರ ಕೆಳಗೆ, ಕ್ರಿಸ್ಮಸ್‌ಗೆ ಕೋಣೆಯ ಗೋಡೆ ಎದ್ದಿರುತ್ತದೆ.

ಅದಕ್ಕೆ ಮೊದಲು ಫ್ಲಾವಿಗೆ ಹೇಳಬೇಕು. ಚಿಪ್ಪನ್ನು ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ, ಅವಳ ಕೈಗೇ ಕೊಡಬೇಕು. ಅನ್ನ ಬಸಿಯುತ್ತ ಮಾತು ಜೋಡಿಸಿಕೊಂಡೆ: 'ಗೊರವಂಕ ತಿಂದದ್ದಲ್ಲ, ನಿಮ್ಮ ಜಂಬ ತಿಂದದ್ದು. ನಿಮ್ಮ ತಮ್ಮನ ಆಣೆ.' ಎಷ್ಟು ಸಲ ಅಂದುಕೊಂಡರೂ ರುಚಿಯಾಗಿದೆ.

ನವೆಂಬರ್ 28, ಭಾನುವಾರ. 11 ಗಂಟೆ

ಪೊಟ್ಟಣ ಜೇಬಿನಲ್ಲಿಟ್ಟುಕೊಂಡು ಬೇಲಿಯ ಹತ್ತಿರ ನಿಂತಿದ್ದೆ. ಫ್ಲಾವಿ ಚರ್ಚಿನಿಂದ ಬಂದಳು, ಹ್ಯಾಟು ಸೊಟ್ಟಗಾಗಿತ್ತು. ಗೂಡಿಲ್ಲದ ಕೊಂಬೆಗೆ ಮುಖ ಎತ್ತಿದಳು.

"ನೋಯೆಲಿನ್... ಕೂತಿದೆಯೇನೇ?"

ಇಷ್ಟು ಮೆತ್ತಗೆ ನನ್ನ ಹೆಸರು ಕರೆದದ್ದು ಈ ನಲವತ್ತು ವರ್ಷದಲ್ಲಿ ಇದೇ ಮೊದಲು. ಜೇಬಿಗೆ ಕೈ ಹಾಕಿದೆ. ಬಾಯಿ ತೆರೆದೆ.

"ಕೂತಿದೆ," ಅಂದೆ. "ಈಗಷ್ಟೇ ಗಂಡು ಎದ್ದು ಹೆಣ್ಣು ಕೂತಿತು."

"ಹೌದಾ!" ಅಂದಳು. ಅದೇ ಖಾಲಿ ಕೊಂಬೆ ನೋಡುತ್ತ ನಿಂತೇ ಇದ್ದಳು.

ಎಂಥ ಹುಚ್ಚು ನನಗೆ! ಮಾರ್ವಿನಾಗೆ ಏನು ಹೇಳಲಿ? ಫ್ಲಾವಿ ನಾಳೆ ಬೆಳಿಗ್ಗೆಯೂ ಕೇಳುತ್ತಾಳೆ, ಬಿಡುವವಳಲ್ಲ. ನಾಳೆ ಖಂಡಿತ ಅವಳ ಕೈಗೆ ಪೊಟ್ಟಣ ಕೊಟ್ಟು—