ಕೆಂಪು ಗೀಟಿನ ಏಳು ಕವನ

ಟೈಲರ್ ಅಂಗಡಿಯ ಮೇಲಿನ ಮನೆ,
ಮಂಗಳವಾರ, ೧೪ನೇ ತಾರೀಖು

ಪ್ರೀತಿಯ ಅಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಹಡಗಿನ ಏಣಿ ಹತ್ತಿ ಇಳಿಯುವಾಗ ಪಟ್ಟಿ ಕಟ್ಟಿಕೋ ಎಂದರೆ ಕೇಳುವ ಪೈಕಿ ನೀನಲ್ಲ. ಇಂಜಿನ್ ಕೋಣೆಯ ಸೆಕೆಗೆ ನೀರನ್ನಾದರೂ ಸರಿಯಾಗಿ ಕುಡಿ. ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಅಂಗಡಿಯ ಬಟ್ಟೆಗಳಿಗೆ ನಾನು ಹಾಕಿದ ಗುಂಡಿಗಳನ್ನು ದಿನಾ ಎಳೆದೆಳೆದು ಪರೀಕ್ಷೆ ಮಾಡಿ, ಎರಡನ್ನಾದರೂ ಕಿತ್ತು ಕೈಗೆ ಕೊಡುತ್ತಾಳೆ.

ಇನ್ನು ನಿನ್ನ ಕಾಗದದ ವಿಷಯ. ಓದಿ ಮೈಯೆಲ್ಲ ಉರಿಯಿತು, ಸುಳ್ಳೇಕೆ ಹೇಳಲಿ. ಮೊದಲ ಕವನ ಸಂಕಲನಗಳ ಸ್ಪರ್ಧೆಗೆ ಕಳಿಸುತ್ತಿದ್ದೇನೆ, ಗೆದ್ದರೆ ಅವರೇ ಪುಸ್ತಕ ಮಾಡುತ್ತಾರೆ ಎಂದು ಕುಣಿದಾಡುತ್ತ ಬರೆದು ಹಸ್ತಪ್ರತಿಯ ನಕಲನ್ನೂ ಕಳಿಸಿದರೆ, ನೀನು ಅಪ್ಪನ ಮೇಲಿನ ಏಳು ಕವನಗಳಿಗೆ ಕೆಂಪು ಗೀಟು ಎಳೆದು ವಾಪಸು ಕಳಿಸಿದ್ದೀಯ! "ಸತ್ತವರ ಬಗ್ಗೆ ಹೀಗೆಲ್ಲ ಬರೀತಾರಾ? ಅಮ್ಮಂಗೆ ಗೊತ್ತಾದ್ರೆ ಎದೆ ಒಡೆದು ಹೋಗುತ್ತೆ" ಅಂತ ಬೇರೆ. ಅಪ್ಪ ಅಮ್ಮನಿಗೆ ಹೊಡೆಯುತ್ತಿದ್ದುದು ನಿನಗೂ ಗೊತ್ತು, ನನಗೂ ಗೊತ್ತು, ಇಡೀ ಬೀದಿಗೆ ಗೊತ್ತು. ಹಾಳೆಯ ಮೇಲೆ ಬಂದರೆ ಮಾತ್ರ ಮನೆಯ ಮರ್ಯಾದೆ ಹೋಗುತ್ತದೆಯೇ?

ಸ್ಪರ್ಧೆಗೆ ಕನಿಷ್ಠ ನಲವತ್ತು ಕವನ ಬೇಕು. ನನ್ನ ಹತ್ತಿರ ಇರುವುದು ನಲವತ್ತೆರಡು. ಏಳು ತೆಗೆದರೆ ನಾನು ಬಾಗಿಲಲ್ಲೇ ನಿಲ್ಲಬೇಕು. "ಹೂವು, ಚಂದ್ರ ಅಂತ ಏಳು ಬರೆದು ತುಂಬಿಸು" ಎಂಬ ನಿನ್ನ ಬುದ್ಧಿಮಾತು ನಿನ್ನ ಹತ್ತಿರವೇ ಇರಲಿ. ಇಪ್ಪತ್ತಾರು ವರ್ಷ ಅಳತೆ ಚೀಟಿಗಳ ಹಿಂಬದಿಯಲ್ಲಿ ಬರೆದವಳು ನಾನು. ಒಮ್ಮೆ ಅವಸರದಲ್ಲಿ ಅರ್ಧ ಕವನವಿದ್ದ ಚೀಟಿ ಗಿರಾಕಿಯ ಕೋಟಿನ ಜೇಬಿನಲ್ಲೇ ಹೋಗಿಬಿಟ್ಟಿತ್ತು. ಮಾರನೆಯ ದಿನ ಆಕೆ ಚೀಟಿ ಹಿಡಿದುಕೊಂಡು ಬಂದಳು. ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆಕೆ ಕೇಳಿದ್ದು ಒಂದೇ: "ಮುಂದೇನಾಯ್ತು?" ಅದೂ ನೀನು ಗೀಟು ಹಾಕಿದ ಏಳರಲ್ಲೊಂದು. ಜಪ್ಪಯ್ಯ ಅಂದರೂ ತೆಗೆಯುವುದಿಲ್ಲ.

ಪಿನ್ನು ಬೇಡ, ಹಾಳೆಗಳನ್ನು ಹೊಲಿದು ಕಳಿಸಿ ಎಂದು ನಿಯಮದಲ್ಲಿತ್ತು. ಹೊಲಿಯುವುದನ್ನು ನನಗೆ ಯಾರಾದರೂ ಹೇಳಿಕೊಡಬೇಕೆ? ನೇರ ಮಿಷನ್ನಿಗೇ ಕೊಟ್ಟೆ. ಎರಡು ಸೂಜಿ ಮುರಿದವು, ಅಂಗಡಿ ಮಾಲೀಕರು ಬಾಯಿಗೆ ಬಂದಂತೆ ಬೈದರು. ಹೊಲಿಗೆ ಮಾತ್ರ ನೆಟ್ಟಗೆ ಬಂದಿದೆ.

ನಿನಗೆ ಸಿಟ್ಟು ಬಂದರೆ ಬರಲಿ. ಮುನಿಸಿಕೊಂಡು ಕಾಗದ ಮಾತ್ರ ನಿಲ್ಲಿಸಬೇಡ, ತಡೆಯುವುದು ನನಗೆ ಕಷ್ಟ. ಹೊತ್ತಿಗೆ ಸರಿಯಾಗಿ ಊಟ ಮಾಡು. ಸಮುದ್ರ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ಜಗಳವಾಡಿದರೂ ನಿನ್ನವಳೇ ಆದ,
ತಂಗಿ

ತಾ.ಕ.: ಅಂಚೆಗೆ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ನಿನ್ನೆ ಆ ಏಳನ್ನೂ ಅಮ್ಮನಿಗೆ ಓದಿ ಹೇಳಿದೆ. ಎದೆ ಒಡೆಯಲಿಲ್ಲ. ಅಪ್ಪ ನಮ್ಮಿಬ್ಬರನ್ನು ಒಳಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕುತ್ತಿದ್ದ ಎಂಬ ಸಾಲು ಬಂದಾಗ ಮಾತ್ರ ತಡೆದಳು. ಇಷ್ಟು ವರ್ಷ ನೀನೂ ನಾನೂ ನಂಬಿದ್ದು ಅದನ್ನೇ ತಾನೆ? "ಅದು ತಪ್ಪು ಕಣೇ. ಚಿಲಕ ಹಾಕ್ತಿದ್ದದ್ದು ನಾನು. ಏಟು ನಿಮ್ಮ ತನಕ ಬರಬಾರ್ದು ಅಂತ. ತಿದ್ದಿ ಕಳಿಸು" ಅಂದಳು. ತಿದ್ದಿದ್ದೇನೆ. ಲಕೋಟೆಯನ್ನು ತಾನೇ ಅಂಚೆಗೆ ಹಾಕುತ್ತಾಳಂತೆ, ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾಳೆ.