ಮೂಲೆ ಕಾಣದ ಕಾರು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕಾರ್ಖಾನೆಯಲ್ಲಿ ದಿನವಿಡೀ ಬಗ್ಗಿ ಹೊಸ ಕಾರಿನ ಜೇಡಿಮಣ್ಣಿನ ಮಾದರಿಯನ್ನು ಸವರಿ ನುಣುಪು ಮಾಡುವವನ ಬೆನ್ನು ನೋಯದೆ ಇನ್ನೇನಾಗುತ್ತದೆ? ಆಗಾಗ ಎದ್ದು ಓಡಾಡು, ಅಕ್ಕನ ಮಾತು ಅಂತ ತಳ್ಳಿಹಾಕಬೇಡ. ಅಮ್ಮ ಗಟ್ಟಿಯಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಕಿಟಕಿಯಿಂದ ಅಂಗಳ ನೋಡಿ ಬಂದೆ. ಅಪ್ಪ ಕಾರು ಒರೆಸುತ್ತಿದ್ದಾರೆ. ಬರೀ ಒರೆಸುತ್ತಿದ್ದಾರೆ, ಅಷ್ಟೇ. ಆದರೂ ನನಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ.

ನೀನು ಮೂತಿ ತಿದ್ದಿದ ಆ ಕಾರನ್ನು ನಮ್ಮ ಡ್ರೈವಿಂಗ್ ಸ್ಕೂಲಿಗೆ ತಂದ ದಿನ ಅಪ್ಪ ಬೀದಿಯವರನ್ನೆಲ್ಲ ಕರೆದು ತೋರಿಸಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು. ಆದರೆ ಆ ವಾರವೇ ಅದನ್ನು ಗೇಟಿನ ಕಂಬಕ್ಕೆ ತಾಗಿಸಿದರು. ಆಮೇಲೆ ಬೇಕರಿಯ ಮೆಟ್ಟಿಲು, ಆಮೇಲೆ ಯಾರೋ ನಿಲ್ಲಿಸಿದ್ದ ತಳ್ಳುಗಾಡಿ. ನಿನಗೆ ಬೈದು ಬರೆಯಲು ಶುರುಮಾಡಿದ್ದು ಆಗಲೇ. ಒಳಗೆ ಕುಳಿತರೆ ಕಾರಿನ ಮೂಲೆಯೇ ಕಾಣುವುದಿಲ್ಲ ಎಂದು ಅವರು ಹೇಳುವುದರಲ್ಲೂ ನಿಜವಿದೆ, ನೋಡು. ಅವರು ಕಲಿಸಲು ಆರಂಭಿಸಿದಾಗ ಕಾರುಗಳು ಬೆಂಕಿಪೊಟ್ಟಣದ ಹಾಗಿದ್ದವು. ಸೀಟಿನಲ್ಲಿ ಕುಳಿತರೆ ಬಾನೆಟ್ಟಿನ ಎರಡೂ ಮೂಲೆಗಳು ಎದುರಿಗೇ ಕಾಣುತ್ತಿದ್ದವು. ಬರಬರುತ್ತ ಮೂಲೆಗಳು ಸವೆದವು, ಮುಂದಿನ ಗಾಜು ಹಿಂದಕ್ಕೆ ವಾಲಿತು, ಚೌಕದ ದೀಪಗಳು ಕಿವಿಯವರೆಗೆ ಎಳೆದ ಕಣ್ಣಿನಂತಾದವು, ಬಂಪರು ಮೈಯೊಳಗೇ ಸೇರಿಹೋಯಿತು. ಕಾರಣ ನೀನೇ ಬರೆದಿದ್ದೆ: ಪೆಟ್ರೋಲ್ ದುಬಾರಿಯಾಯಿತು, ಗಾಳಿ ತಡೆಯಿಲ್ಲದೆ ಜಾರಿದರೆ ಇಂಧನ ಉಳಿಯುತ್ತದೆ, ಅಡ್ಡ ಬಂದವರಿಗೆ ಚೂಪು ಅಂಚು ತಾಗಬಾರದು, ತಗಡನ್ನು ಬೇಕಾದಂತೆ ಬಾಗಿಸುವ ಯಂತ್ರಗಳೂ ಬಂದವು. ಅಪ್ಪನಿಗೆ ಓದಿ ಹೇಳಿದೆ. "ಗಾಳಿಗೆ ದಾರಿ ಬಿಡೋಕೆ ಹೋಗಿ ಕಣ್ಣಿಗೆ ದಾರಿ ಮುಚ್ಚಿದ್ದಾನೆ ನಿನ್ನ ತಮ್ಮ," ಅಂದರು. ನಾನು ನಕ್ಕುಬಿಟ್ಟೆ.

ಕಳೆದ ವಾರ ಮತ್ತೆ ತಗಡು ನೆಗ್ಗಿತು. ಸರಿಮಾಡುತ್ತ ನಮ್ಮ ಮೆಕ್ಯಾನಿಕ್ಕು "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಗೊಣಗಿದ. ನನಗೆ ಮೈಯೆಲ್ಲ ಉರಿಯಿತು. ಅರ್ಧ ಊರಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ ಮನುಷ್ಯನಿಗೆ ಈ ಮಾತೇ? ನಮ್ಮ ಹಳೆಯ ಡಬ್ಬ ಕಾರನ್ನು ಕೊಂಡವನು ಅವನೇ ತಾನೆ. "ಅದನ್ನ ಕೊಡು, ಯಾರಿಗೆ ಕುಣಿಯೋಕೆ ಬರಲ್ಲ ಅಂತ ತೋರಿಸ್ತೀನಿ," ಅಂದೆ. ಅಪ್ಪ ಬೇಡವೆಂದರು. ನಾನೇ ಹಟ ಹಿಡಿದು ಆ ಹಳೆಯ ಕಾರಿನಲ್ಲಿ ಅವರನ್ನು ಮೈದಾನಕ್ಕೆ ಕರೆದೊಯ್ದೆ.

ಎರಡು ಖಾಲಿ ಡ್ರಮ್ಮು ಇಟ್ಟು, ನಡುವೆ ಕಾರು ನಿಲ್ಲಿಸಿ ಅಂದೆ. ಇದೇ ಕಾರಿನಲ್ಲಿ, ಇದೇ ಮೈದಾನದಲ್ಲಿ, ಮಾತಾಡುತ್ತ ಮಾತಾಡುತ್ತ ಮಾಡುತ್ತಿದ್ದ ಕೆಲಸ. ಈ ಸಲ ಮುಂದಕ್ಕೆ ಬಗ್ಗಿ ನಿಧಾನವಾಗಿ ಬಂದರು. ಎಡಗಡೆಯ ಡ್ರಮ್ಮು ಉರುಳಿ ಕಾರಿನಡಿಗೆ ಸಿಕ್ಕಿ ಕಿರುಗುಟ್ಟಿದರೂ ಅಪ್ಪ ಮುಂದಕ್ಕೇ ಬರುತ್ತಿದ್ದರು. ನಾನು ಓಡಿಹೋಗಿ ಬಾನೆಟ್ಟು ಬಡಿದೆ. ಇಳಿದು ಬಂದರು. ನೆಗ್ಗಿದ ಡ್ರಮ್ಮನ್ನು ನೋಡಿದರು, ನನ್ನನ್ನು ನೋಡಿದರು.

"ಆ ಕಡೆನೂ ಒಂದು ಇಟ್ಟಿದ್ಯಾ?" ಎಂದು ಕೇಳಿದರು.

ತಮ್ಮಾ, ಅವರು ಪೇಪರನ್ನು ಕೊನೆಯ ಸಾಲಿನವರೆಗೂ ಓದುತ್ತಾರೆ. ಸೂಜಿಗೆ ದಾರ ಪೋಣಿಸಿಕೊಡುತ್ತಾರೆ. ಕಣ್ಣಿನ ಮೇಲೆ ಯಾರಿಗೆ ಅನುಮಾನ ಬರಬೇಕು? ಪೆಟ್ಟೆಲ್ಲ ಎಡಗಡೆಗೇ ಬಿದ್ದದ್ದು ನನಗೆ ಹೊಳೆದದ್ದು ಆಗ. ಮನೆಗೆ ನಾನೇ ಓಡಿಸಿಕೊಂಡು ಬಂದೆ. ಸಂಜೆ ಕಲಿಯಲು ಬಂದವರ ಮುಂದೆ ಅಪ್ಪ ಹೊಸ ಕಾರಿನ ಬೀಗದಕೈ ನನ್ನ ಕೈಗಿಟ್ಟರು. "ಈ ಕುಂಬಳಕಾಯಿ ನನಗೆ ಒಗ್ಗಲ್ಲಪ್ಪ. ಇನ್ಮೇಲೆ ನಮ್ಮ ಹುಡುಗಿ ಕಲಿಸ್ತಾಳೆ," ಎಂದು ನಗುತ್ತಲೇ ಹೇಳಿದರು. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮ ನಿನ್ನನ್ನು ನೆನೆಸಿಕೊಳ್ಳದ ಊಟವಿಲ್ಲ. ನೂರು ಕಾಲ ಸುಖವಾಗಿರು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆವು. ಎಡಗಣ್ಣಿನ ಪಕ್ಕದ ನೋಟ ಪೂರಾ ಹೋಗಿದೆ, ಬಲಗಣ್ಣಿಗೂ ಶುರುವಾಗಿದೆ. ಹೋದದ್ದು ಬರುವುದಿಲ್ಲ, ಉಳಿದದ್ದಕ್ಕೆ ದಿನಾ ಹನಿ ಹಾಕಬೇಕು. ನಿನಗೆ ತಿಳಿಸಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಅಪ್ಪನ ದೂರು ನಂಬಿ ಮುಂದಿನ ಕಾರಿಗೆ ಮೂಲೆ ಬೇಕೆಂದು ಸಾಹೇಬರ ಜೊತೆ ವಾದ ಮಾಡುತ್ತಿದ್ದೇನೆ ಎಂದು ಬರೆದಿದ್ದೆಯಲ್ಲ, ಅದನ್ನು ಬಿಟ್ಟುಬಿಡು, ನಿನ್ನ ಕೆಲಸದಲ್ಲಿ ಐಬಿಲ್ಲ. ಆದರೆ ಅಪ್ಪನಿಗೆ ಮಾತ್ರ ತಪ್ಪು ಕಾರಿನದೇ ಎಂದು ಒಪ್ಪಿಕೊಂಡು ಒಂದು ಕಾಗದ ಹಾಕು. ಸಂಕಟವಾಗುತ್ತದೆ, ಗೊತ್ತು. ಬೀದಿಯಲ್ಲಿ ತಲೆಯೆತ್ತಿ ನಡೆಯಲು ಸದ್ಯಕ್ಕೆ ಅವರಿಗೆ ಅದೊಂದೇ ಇರುವುದು.